ನಾಲ್ಕರ ಶ್ರುತಿ

ನನಗೆ ಕಿವಿ ಕೇಳಿಸುವುದಿಲ್ಲ ಎಂಬ ಸಂಗತಿ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ನನಗೆ ಮತ್ತು ನನ್ನ ಹೆಂಡತಿಗೆ. ಹೆಂಡತಿಗೂ ನಾನು ಹೇಳಿದ್ದಲ್ಲ. ಟಿ.ವಿ.ಯ ಸದ್ದು ಏರುತ್ತಾ ಹೋದದ್ದನ್ನು ನೋಡಿ ಅವಳೇ ಕಂಡುಹಿಡಿದದ್ದು. "ಹೊರಗೆ ಯಾರ ಹತ್ರಾನಾದ್ರೂ ಬಾಯಿ ಬಿಟ್ರೆ ನೋಡು" ಎಂದು ಅವಳನ್ನು ಗದರಿಸಿ ಇಟ್ಟಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಮೂರನೆಯವರಿಗೆ ಗೊತ್ತಿಲ್ಲ ಎಂದು ನೆಮ್ಮದಿಯಾಗಿದ್ದೆ.

ಎಡಗಿವಿ ಮೂರು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಕಳೆದ ವರ್ಷದಿಂದ ಬಲಗಿವಿಯೂ ಅಣ್ಣನ ದಾರಿ ಹಿಡಿದಿತ್ತು. ನಿವೃತ್ತ ಮೇಷ್ಟರಿಗೆ ಕಿವಿ ಹೋದರೆ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ಆದರೆ ಶಿವಮೊಗ್ಗದ ಕೋಟೆಯ ಶಿವರಾಮ ಮೇಷ್ಟರು ಎಂದರೆ ಕಾವ್ಯ ವ್ಯಾಖ್ಯಾನಕ್ಕೆ ಹೆಸರು. ಗಮಕದ ಸಭೆಯಲ್ಲಿ ಒಬ್ಬರು ಹಳೆಯ ಕಾವ್ಯದ ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕೂತವನು ಅಲ್ಲಿಂದಲೇ ಎತ್ತಿಕೊಂಡು ಅರ್ಥ ಬಿಡಿಸಿ ಹೇಳುತ್ತಾನೆ. ಹಾಗೆ ಪಕ್ಕದಲ್ಲಿ ಕೂತವನು ನಾನು. ಓದುವವಳು ಹೊಸಮನೆಯ ಮೀರಾ. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು, ಈಗ ಅವಳೂ ಒಂದು ಶಾಲೆಯಲ್ಲಿ ಟೀಚರ್. ಹದಿನೆಂಟು ವರ್ಷದಿಂದ ಜಿಲ್ಲೆಯಲ್ಲಿ ನಮ್ಮದೊಂದು ಜೋಡಿ.

ಯಾವ ಪದ್ಯ ಓದಬೇಕು ಎನ್ನುವುದು ಅವಳಿಗೆ ಬಿಟ್ಟದ್ದು. ಸಭೆಯ ಮುಖ ನೋಡಿ ಎರಡು ಪದ್ಯ ಹಾರಿಸುತ್ತಾಳೆ, ಮನಸ್ಸಾದರೆ ಹಿಂದಿನದಕ್ಕೆ ಮರಳುತ್ತಾಳೆ. ನಾನು ಕೇಳಿಯೇ ಹಿಡಿಯಬೇಕು. ನನ್ನ ಮುಂದೆ ಪುಸ್ತಕ ಇರುವುದಿಲ್ಲ, ಅದೇ ನನ್ನ ಹೆಮ್ಮೆ. ಪುಸ್ತಕ ಇಟ್ಟುಕೊಂಡು ವ್ಯಾಖ್ಯಾನ ಮಾಡುವವರನ್ನು ಕಂಡರೆ "ಊರುಗೋಲು ಹಿಡ್ಕೊಂಡು ಓಟಕ್ಕೆ ಬಂದಿದಾನೆ ನೋಡಿ" ಎಂದು ನಾಲ್ಕು ಜನರ ಎದುರು ಆಡಿಕೊಂಡವನು ನಾನು. ಹೀಗೆ ಆಡಿಕೊಂಡವನಿಗೆ ಕಿವಿ ಹೋಯಿತೆಂದು ಪುಸ್ತಕ ತೆರೆಯಲು ಆಗುತ್ತದೆಯೇ?

ಅದಕ್ಕೆ ನಾನು ಎರಡು ಉಪಾಯ ಮಾಡಿದೆ. ವೇದಿಕೆಯಲ್ಲಿ ಅವಳ ಎಡಕ್ಕೆ ಕೂತು ನನ್ನ ಬಲಗಿವಿಯನ್ನು ಅವಳ ಕಡೆ ಮಾಡಿದೆ. ಆಮೇಲೆ, "ಹಿಂದಿನ ಸಾಲಿನವ್ರಿಗೆ ಕೇಳಿಸ್ತಾ ಇಲ್ಲ ಮಾರಾಯ್ತಿ, ಎದೆ ತುಂಬಿ ಓದು" ಎಂದು ಅವಳ ಬೆನ್ನು ಹತ್ತಿದೆ. ನಾಲ್ಕರ ಶ್ರುತಿಯಲ್ಲಿ ಹಾಯಾಗಿ ಓದುತ್ತಿದ್ದವಳನ್ನು ಐದಕ್ಕೆ ಏರಿಸಿದೆ, ಐದರಿಂದ ಐದೂವರೆಗೆ. ಇಷ್ಟಾದರೂ ಒಮ್ಮೆ ಸಾಗರದ ಸಭೆಯಲ್ಲಿ ಅವಳು ಓದದೇ ಇದ್ದ ಪದ್ಯಕ್ಕೆ ಅರ್ಥ ಹೇಳಿಬಿಟ್ಟೆ. ಅದೃಷ್ಟ ನೋಡಿ, ಮುಂದೆ ಅವಳು ಓದಿದ್ದು ಅದೇ ಪದ್ಯ. ಮೊದಲೇ ಪೀಠಿಕೆ ಹಾಕಿದ್ದಾರೆ ಎಂದು ಸಭೆ ತಲೆದೂಗಿತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮೀರಾಳ ಧ್ವನಿ ಒಡೆಯತೊಡಗಿತು. ಬೆಳಿಗ್ಗೆ ಪಾಠ ಮಾಡಿದರೆ ಸಂಜೆಗೆ ಗೊಗ್ಗರು. ಅವಳ ಗಂಡನಿಗೆ ರಜೆ ಸಿಗಲಿಲ್ಲವೆಂದು ಸವಳಂಗ ರಸ್ತೆಯ ಕ್ಲಿನಿಕ್ಕಿಗೆ ನಾನೇ ಜೊತೆಗೆ ಹೋದೆ. ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಗಂಟಲ ಚಿತ್ರ ತೆಗೆದರು. ಅದನ್ನು ನಮಗೆ ಬಿಡಿಸಿ ಹೇಳಿದವಳು ಅಲ್ಲಿ ಧ್ವನಿ ಚಿಕಿತ್ಸೆ ಮಾಡುವ ಚೈತನ್ಯಾ ಎಂಬ ಹುಡುಗಿ. ಸಣ್ಣ ಕೋಣೆ, ಬಾಗಿಲು ಮುಚ್ಚಿತ್ತು, ಫ್ಯಾನೂ ಇರಲಿಲ್ಲ. ಅವಳ ಮಾತು ನನಗೆ ಸರಿಯಾಗಿಯೇ ಕೇಳಿಸಿತು, ಬೇಡವೆಂದರೂ.

"ಇವೆರಡು ನಿಮ್ಮ ಸ್ವರತಂತು ಮೇಡಂ. ಸೇರೋ ಜಾಗದಲ್ಲಿ ಸಾಸಿವೆ ಕಾಳಿನ ಥರ ಕಾಣ್ತಿದೆಯಲ್ಲ, ಗಂಟು. ಗುದ್ದಲಿ ಹಿಡಿದು ಹಿಡಿದು ಕೈ ಜಡ್ಡುಗಟ್ಟಲ್ವಾ, ಹಾಗೆ. ಇದು ವಾಸಿಯಾಗತ್ತೆ. ನನಗೆ ಭಯ ಇರೋದು ಇದರದ್ದು." ಪರದೆಯ ಮೇಲೆ ಕೆಂಪು ಚುಕ್ಕೆಯೊಂದನ್ನು ತೋರಿಸಿದಳು. "ಇಲ್ಲೊಂದು ರಕ್ತನಾಳ ಉಬ್ಬಿದೆ. ಒಂದೇ ಒಂದು ಜೋರು ಕೂಗಿಗೆ ಒಡೀಬಹುದು. ಒಡೆದ್ರೆ ಆ ಕ್ಷಣಕ್ಕೇ ಧ್ವನಿ ನಿಲ್ಲತ್ತೆ. ಆಮೇಲೆ ಕಲೆ ಉಳಿದ್ರೆ ಮಾತಾಡೋಕೆ ತೊಂದ್ರೆ ಆಗ್ದಿದ್ರೂ ಈ ಹಾಡೋ ಧ್ವನಿ ವಾಪಸ್ ಬರತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ."

ಮೀರಾ ಆ ಚುಕ್ಕೆಯನ್ನೇ ನೋಡುತ್ತಾ ಕೂತಳು.

"ಸಭೇಲಿ ಮೈಕ್ ಇರತ್ತಲ್ಲ ಮೇಡಂ? ಮತ್ತೆ ಇಷ್ಟು ಜೋರಾಗಿ ಯಾರಿಗೆ ಕೇಳಿಸ್ಲಿ ಅಂತ ಓದ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಸುಮ್ಮನೆ ಕಿವಿಗೆ ಹೋಯಿತು. ಮೀರಾ ತನ್ನ ಬ್ಯಾಗಿನ ಜಿಪ್ಪನ್ನು ಎಳೆದು ಮತ್ತೆ ಮುಚ್ಚಿದಳು. "ಅಭ್ಯಾಸ" ಎಂದಳು.

ನಾನು ಮಾತು ಬದಲಿಸಲು ಕೇಳಿದೆ, "ಕಾಳುಮೆಣಸಿನ ಕಷಾಯ ಕುಡಿದ್ರೆ ಹೆಂಗಮ್ಮ?"

"ಕುಡಿದದ್ದು ಹೊಟ್ಟೆಗೆ ಹೋಗತ್ತೆ ಸರ್, ಸ್ವರತಂತು ಇರೋದು ಉಸಿರಿನ ದಾರೀಲಿ. ನೀರು ಚೆನ್ನಾಗಿ ಕುಡೀಲಿ ಸಾಕು. ಎರಡು ವಾರ ಪೂರ್ತಿ ಮೌನ. ಪಿಸುಮಾತೂ ಆಡೋ ಹಾಗಿಲ್ಲ, ಅದ್ರಿಂದಾನೂ ಗಂಟಲು ದಣಿಯತ್ತೆ."

ಮೀರಾ ಶಾಲೆಗೆ ರಜೆ ಹಾಕಿದಳು. ಮಗಳ ಹಳೆಯ ಸ್ಲೇಟು ಹುಡುಕಿ ತೆಗೆದಳು. ಎರಡು ವಾರ ಆ ಮನೆಯಲ್ಲಿ ಹಾಲಿನವನಿಗೂ ಬರೆದೇ ತೋರಿಸಿದರಂತೆ. ಮರುಪರೀಕ್ಷೆಯಲ್ಲಿ ಗಂಟುಗಳು ತಗ್ಗಿದ್ದವು, ಚುಕ್ಕೆ ಮಾತ್ರ ಹಾಗೇ ಇತ್ತು. ಮೆಲ್ಲಗೆ ಮಾತಾಡಬಹುದು ಎಂದರು. ನಾವು ಮೊದಲೇ ಒಪ್ಪಿಕೊಂಡಿದ್ದ ಭದ್ರಾವತಿಯ ಕಾರ್ಯಕ್ರಮಕ್ಕೆ ಇನ್ನು ಐದು ದಿನವಿತ್ತು. ಚೈತನ್ಯಾ ತುಂಬಾ ಯೋಚಿಸಿ ಒಪ್ಪಿಗೆ ಕೊಟ್ಟಳು: ಅರ್ಧ ಗಂಟೆ ಮೀರಬಾರದು, ಮೈಕ್ ತುಟಿಯ ಹತ್ತಿರ ಇರಬೇಕು, ನಾಲ್ಕರ ಶ್ರುತಿ, ಅದೂ ಮಗುವನ್ನು ಮಲಗಿಸುವಾಗಿನಷ್ಟೇ ಮೃದುವಾಗಿ.

ಮಗುವನ್ನು ಮಲಗಿಸುವ ಧ್ವನಿ ನನಗೆಲ್ಲಿ ಕೇಳಿಸಬೇಕು?

ಅಂದು ಮನೆಗೆ ಬಂದು ಹೆಂಡತಿಯ ಕೈಗೆ ಪೇಪರು ಕೊಟ್ಟು, ಒಂದು ಮಾರು ದೂರ ಕೂರಿಸಿ, ಮೆಲ್ಲಗೆ ಓದು ಎಂದೆ. ಅವಳ ತುಟಿ ಅಲ್ಲಾಡಿತು, ಅಷ್ಟೆ. ಇನ್ನೊಂದು ಸಲ ಓದು ಎಂದೆ. ಅವಳು ಪೇಪರು ಮಡಚಿಟ್ಟು, ಬಳಿ ಬಂದು ನನ್ನ ಬಲಗಿವಿಗೆ ಹೇಳಿದಳು, "ಮೀರಾಗೆ ಹೇಳ್ಬಿಡಿ ಅಂದ್ರೆ. ಮಗಳ ಥರ ಅವ್ಳು. ಅವಳ ಮುಂದೆ ಎಂಥ ಮರ್ಯಾದೆ?"

"ಅವಳ ಮುಂದೇನೇ ಮರ್ಯಾದೆ ಬೇಕಾಗಿರೋದು" ಎಂದು ಕೂಗಿದೆ.

ಕಾರ್ಯಕ್ರಮ ಬೇಡವೆಂದು ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ನನ್ನ ಕೈ ಫೋನಿಗೆ ಹೋಗಲಿಲ್ಲ. ಏಕೆಂದರೆ ಅಂದು ವಾಚನದ ನಂತರ ನನಗೆ ಸನ್ಮಾನವಿತ್ತು. ಭದ್ರಾವತಿಯ ಕಾರ್ಖಾನೆಯ ನಿವೃತ್ತ ನೌಕರ ಹೂವಪ್ಪ ಹನ್ನೊಂದು ವರ್ಷದಿಂದ ತಪ್ಪದೆ ನಮ್ಮನ್ನು ಕರೆಸುವವನು. ಈ ಸಲ "ಪುಸ್ತಕ ಮುಟ್ಟದ ವ್ಯಾಖ್ಯಾನಕಾರ" ಎಂದು ನನ್ನ ಫೋಟೊ ಹಾಕಿ ಬ್ಯಾನರ್ ಮಾಡಿಸಿ, ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ನಾನು ಆ ಬ್ಯಾನರನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಮಾರನೆಯ ದಿನ ಹೊಸಮನೆಗೆ ಹೋಗಿ ಮೀರಾಳಿಗೆ ಒಂದು ಸುಳ್ಳು ಹೇಳಿದೆ.

"ಹೂವಪ್ಪ ಫೋನ್ ಮಾಡಿದ್ದ ಕಣೆ. ಹಾಲಿನ ಸೌಂಡ್ ಸೆಟ್ ಕೆಟ್ಟಿದ್ಯಂತೆ. ಮೈಕ್ ನಂಬೋ ಹಾಗಿಲ್ಲ ಅಂದ. ಒಂದಿನ ತಾನೆ, ಐದೂವರೇಲೇ ಓದ್ಬಿಡು. ಆಮೇಲೆ ಬೇಕಾದ್ರೆ ತಿಂಗಳುಗಟ್ಲೆ ಬಾಯಿ ಮುಚ್ಕೊಂಡಿರು."

ಅವಳಿಗೆ ಮಾತಾಡಲು ಅನುಮತಿ ಸಿಕ್ಕಿತ್ತು. ಆದರೂ ನಾನು ಬಂದೊಡನೆ ಸ್ಲೇಟು ತೆಗೆದುಕೊಂಡು ಕೂತಿದ್ದಳು. ಏನೋ ಬರೆದಳು, ಅಂಗೈಯಿಂದ ಒರೆಸಿದಳು, ಮತ್ತೆ ಬರೆದು ನನ್ನ ಕಡೆ ತಿರುಗಿಸಿದಳು. "ಆಯ್ತು ಮೇಷ್ಟ್ರೇ."

ಪರದೆಯ ಮೇಲಿನ ಕೆಂಪು ಚುಕ್ಕೆಯನ್ನು ನಾನೂ ನೋಡಿದ್ದೆ. ನೋಡಿಯೂ ಹಾಗೆ ಹೇಳಿದೆ. ಮಾಡಿದ್ದು ಪಾಪ ಎಂದು ನನಗೆ ಅವಳ ಮನೆಯ ಗೇಟು ದಾಟುವ ಮೊದಲೇ ಗೊತ್ತಾಗಿತ್ತು. ಹಿಂದಿರುಗಿ ಹೋಗಲಿಲ್ಲ, ಮನೆಗೆ ಹೋಗಿ ಊಟ ಮಾಡಿದೆ.

ಕಾರ್ಯಕ್ರಮದ ದಿನ ಮಧ್ಯಾಹ್ನ ಮೂರರ ಬಸ್ಸು ಹತ್ತಿದೆವು. ನಾನು ಮೊದಲು ಕೂರುವವರೆಗೂ ಮೀರಾ ನಿಂತೇ ಇದ್ದಳು, ಆಮೇಲೆ ನನ್ನ ಬಲಕ್ಕೆ ಬಂದು ಕೂತಳು. ಶ್ರುತಿಪೆಟ್ಟಿಗೆಯ ಚೀಲ ಅವಳ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಒಂದೊಂದೇ ಗುಟುಕು ನೀರು ಕುಡಿದಳು. ಪ್ರತಿ ಗುಟುಕಿಗೂ ಅವಳ ಗಂಟಲು ಇಳಿದು ಏರುವುದನ್ನು ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಈಗ ಹೇಳಿಬಿಡಲೇ ಎಂದುಕೊಂಡೆ. ಬಸ್ಸು ಭದ್ರಾವತಿ ತಲುಪಿತು.

ಕಾರ್ಖಾನೆ ಕಾಲೊನಿಯ ಸಮುದಾಯ ಭವನದಲ್ಲಿ ಇನ್ನೂರು ಕುರ್ಚಿ ಹಾಕಿಸಿದ್ದರು. ಅರ್ಧ ಆಗಲೇ ತುಂಬಿತ್ತು. ಹೂವಪ್ಪ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡ. ದೊಡ್ಡ ಗಂಟಲಿನ ಮನುಷ್ಯ, ಮೂವತ್ತು ವರ್ಷ ಮಿಶಿನುಗಳ ಗದ್ದಲದಲ್ಲಿ ಮಾತಾಡಿ ರೂಢಿ. ಅವನ ಒಂದು ಮಾತೂ ನನಗೆ ತಪ್ಪುವುದಿಲ್ಲ.

"ಬರ್ರಿ ಮೇಷ್ಟ್ರೇ! ಈ ಸಲ ಸೌಂಡ್ ನೋಡ್ರಿ ಹೆಂಗೈತೆ! ಹೊಸಾ ಸೆಟ್ಟು. ಸೂಜಿ ಬಿದ್ರೂ ಲಾಸ್ಟ್ ಸಾಲಿಗೆ ಕೇಳ್ಬೇಕು, ಹಂಗೆ ಮಾಡ್ಸಿದೀನಿ!"

ಮೀರಾ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ. ಬೈಯಲಿ, ಇಲ್ಲಿಂದಲೇ ವಾಪಸು ಹೊರಡಲಿ ಎಂದು ಕಾದೆ. ಅವಳು ಚಪ್ಪಲಿ ಬಿಟ್ಟು ವೇದಿಕೆ ಹತ್ತಿದಳು.

ಸಂಜೆ ಐದು ಗಂಟೆಗೆ ಸರಿಯಾಗಿ ಪರದೆ ಸರಿಯಿತು. ನಮ್ಮ ಬೆನ್ನಿಗೆ ನನ್ನದೇ ಫೋಟೊದ ಬ್ಯಾನರು, ಎದುರಿಗೆ ತುಂಬಿದ ಸಭೆ. ಮೀರಾ ಮುಂದಿದ್ದ ಸಣ್ಣ ಮಣೆಯ ಮೇಲೆ ಪುಸ್ತಕ ಇಟ್ಟಳು, ಮೈಕನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡಳು. ಮೈಕ್ ಚೆನ್ನಾಗಿದೆ ಎಂದು ಈಗ ಅವಳಿಗೆ ಗೊತ್ತು. ಇನ್ನು ನಾಲ್ಕಕ್ಕೇ ಇಡುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವೂ ಆಯಿತು.

ಅವಳು ಬಗ್ಗಿ ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿದಳು. ಗುಂಡಿ ನಾಲ್ಕು ದಾಟಿತು. ಐದು ದಾಟಿತು. ಐದೂವರೆಗೆ ಬಂದು ನಿಂತಿತು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹಿಂದಿನ ಸಾಲಿಗೆ ಕೇಳಿಸುತ್ತದೆ ಎಂದು ತಿಳಿದ ಮೇಲೂ ಇವಳು ಯಾರಿಗಾಗಿ ಏರಿಸುತ್ತಿದ್ದಾಳೆ? ಸ್ಲೇಟು, ಬಸ್ಸಿನಲ್ಲಿ ಬಲಕ್ಕೆ ಬಂದು ಕೂತದ್ದು, ಕ್ಲಿನಿಕ್ಕಿನಲ್ಲಿ ಬ್ಯಾಗಿನ ಜಿಪ್ಪು ನೋಡುತ್ತಾ "ಅಭ್ಯಾಸ" ಎಂದದ್ದು. ಸಾಗರದಲ್ಲಿ ನಾನು ತಪ್ಪಿ ಅರ್ಥ ಹೇಳಿದ ಪದ್ಯವನ್ನೇ ಅವಳು ಮುಂದೆ ಓದಿದ್ದು ಅದೃಷ್ಟವಲ್ಲ. ನನ್ನ ಮಾನ ಹೋಗಬಾರದೆಂದು ತಾನೇ ದಾರಿ ಬದಲಿಸಿದ್ದಳು. ಇವಳಿಗೆ ಎಲ್ಲ ಗೊತ್ತು. ಮೊದಲಿನಿಂದಲೂ ಗೊತ್ತು.

ಅಷ್ಟರಲ್ಲಿ ಅವಳು ಎತ್ತಿಕೊಂಡಳು. ತಾಯಿಯೊಬ್ಬಳು ತಾನು ಹಿಂದೆ ತೊರೆದ ಮಗನನ್ನು ನದಿಯ ದಡದಲ್ಲಿ ಎದುರುಗೊಳ್ಳುವ ಪ್ರಸಂಗ. ಮೆಲುದನಿಯಲ್ಲಿ ಓದಬೇಕಾದದ್ದು. ಅದನ್ನು ಅವಳು ಐದೂವರೆಯಲ್ಲಿ, ಎದೆ ತುಂಬಿ, ನನ್ನ ಬಲಗಿವಿಗೆ ಓದುತ್ತಿದ್ದಳು. ಮೊದಲ ಸಾಲು ನನಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯ ಸಾಲಿನ ಮೇಲುಸ್ವರದಲ್ಲಿ ಧ್ವನಿ ಒಡೆಯಿತು, ಬಟ್ಟೆ ಹರಿದ ಹಾಗೆ. ಸಭೆಯಲ್ಲಿ ಯಾರೋ ತಲೆ ಎತ್ತಿದರು. ಅವಳು ಕುತ್ತಿಗೆ ನೆಟ್ಟಗೆ ಮಾಡಿ ಮತ್ತೆ ಅದೇ ಸಾಲಿಗೆ ಬಂದಳು. ಕುತ್ತಿಗೆಯ ನರ ಉಬ್ಬಿತು. ಮುಂದಿನ ಸಾಲಿನ ಕೊನೆಗೆ ಇದಕ್ಕಿಂತ ಮೇಲಕ್ಕೆ ಹೋಗಬೇಕು, ಅದು ನನಗೆ ಗೊತ್ತು. ಅವಳಿಗೂ ಗೊತ್ತು. ಅವಳು ಉಸಿರು ತುಂಬಿಕೊಂಡಳು. ನನ್ನ ಕಣ್ಣಿಗೆ ಕ್ಲಿನಿಕ್ಕಿನ ಪರದೆ, ಆ ಕೆಂಪು ಚುಕ್ಕೆ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ.

ನಾನು ಕೈ ಚಾಚಿ ಶ್ರುತಿಪೆಟ್ಟಿಗೆಯನ್ನು ಆರಿಸಿದೆ.

ಓದು ಅರ್ಧಕ್ಕೆ ನಿಂತಿತು. ಹದಿನೆಂಟು ವರ್ಷದಲ್ಲಿ ಸಭೆಯ ನಡುವೆ ನಾನು ಅವಳನ್ನು ತಡೆದವನಲ್ಲ. ಅವಳು ನನ್ನ ಕಡೆ ತಿರುಗಿ ಬೇಡವೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು. ಹೂವಪ್ಪ ಕರೆಂಟು ಹೋಯಿತೆಂದು ತಿಳಿದು ಸ್ವಿಚ್ಚಿನ ಕಡೆ ಓಡಿದ.

ನಾನು ನನ್ನ ಮೈಕ್ ಹತ್ತಿರಕ್ಕೆ ಎಳೆದುಕೊಂಡೆ. ನಲವತ್ತು ವರ್ಷ ಮಾತಾಡಿಯೇ ಬದುಕಿದವನು. ಅಂದು ಪೀಠಿಕೆ ಇಲ್ಲದೆ ಶುರು ಮಾಡಿದೆ.

"ಕ್ಷಮಿಸಬೇಕು" ಎಂದೆ. "ನನಗೆ ಕಿವಿ ಕೇಳಿಸೋದಿಲ್ಲ. ಮೂರು ವರ್ಷ ಆಯ್ತು. ನಿಮಗೆಲ್ಲ ಮುಚ್ಚಿಟ್ಟಿದ್ದೆ. ಮೀರಾ ಇಷ್ಟು ಮೇಲಕ್ಕೆ ಓದ್ತಾ ಇರೋದು ನಿಮಗೋಸ್ಕರ ಅಲ್ಲ, ಈ ಕಿವುಡನಿಗೋಸ್ಕರ. ಅವಳ ಗಂಟಲಲ್ಲಿ ಗಾಯ ಆಗಿದೆ. ಅದು ಗೊತ್ತಿದ್ದೂ ನಾನು ಸುಳ್ಳು ಹೇಳಿ ಅವಳನ್ನ ಇಲ್ಲಿಗೆ ಕರ್ಕೊಂಡ್ಬಂದೆ. ಇನ್ನು ಮೇಲೆ ಅವಳಿಗೆ ಹೇಗೆ ಬೇಕೋ ಹಾಗೆ ಓದ್ತಾಳೆ. ನಾನು ಪುಸ್ತಕ ನೋಡ್ಕೊಂಡು ಅರ್ಥ ಹೇಳ್ತೀನಿ."

ಇನ್ನೂರು ಜನ ಏನೆಂದರೋ, ಏನಾದರೂ ಅಂದರೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಕಿವುಡರಿಗೆ ಇರುವುದು ಇದೊಂದೇ ಸುಖ. ಮೊದಲ ಸಾಲಿನಲ್ಲಿ ಒಬ್ಬ ಹಿರಿಯರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಬ್ಯಾನರಿನ ಕಡೆ ಬೆರಳು ತೋರಿಸಿದ್ದು ಕಾಣಿಸಿತು. ಪುಸ್ತಕ ಮುಟ್ಟದ ವ್ಯಾಖ್ಯಾನಕಾರ. ತೋರಿಸಲಿ ಬಿಡಿ, ನಾನೂ ಬೇರೆಯವರಿಗೆ ಇದನ್ನೇ ಮಾಡಿದವನು.

ಮಣೆಯನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡೆ. ಸಭೆಗೆ ಅರ್ಧ ಬೆನ್ನು ಹಾಕಿ ಮೀರಾಳ ಕಡೆ ತಿರುಗಿ ಕೂತೆ. ಶ್ರುತಿಪೆಟ್ಟಿಗೆಯ ಗುಂಡಿಯನ್ನು ನಾನೇ ತಿರುಗಿಸಿದೆ, ಐದೂವರೆಯಿಂದ ಐದು, ಐದರಿಂದ ನಾಲ್ಕು. "ಓದು ಮಗಳೇ" ಎಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೀರು ಕುಡಿದಳು. ಪುಸ್ತಕದ ಮೇಲೆ ಬೆರಳಿಟ್ಟಳು. ಆಮೇಲೆ ಅವಳ ತುಟಿ ಅಲ್ಲಾಡತೊಡಗಿತು, ಬೆರಳು ಸಾಲಿನ ಕೆಳಗೆ ನಿಧಾನವಾಗಿ ಸರಿಯಿತು.

ನನಗೆ ಏನೂ ಕೇಳಿಸಲಿಲ್ಲ. ಧ್ವನಿವರ್ಧಕದ ಬಾಯಿ ಸಭೆಯ ಕಡೆಗಿತ್ತು. ನನ್ನ ಪಾಲಿಗೆ ಬಂದದ್ದು ಗೋಡೆಯಾಚೆ ಯಾರೋ ಮಾತಾಡುವಂಥ ಗುಂಯ್ ಎನ್ನುವ ಸದ್ದು ಮಾತ್ರ. ಬೆರಳು ಹಿಡಿದು ನಡೆಯುವ ಮಗುವಿನ ಹಾಗೆ ಅವಳ ಬೆರಳಿನ ಹಿಂದೆ ಹೋದೆ. ಎರಡು ಪದ್ಯ ಹಾರಿಸಿದಳು, ಬೆರಳೂ ಹಾರಿತು. ಬೆರಳು ನಿಂತಲ್ಲಿ ನಾನು ಎತ್ತಿಕೊಂಡೆ. ಒಂದೆರಡು ಕಡೆ ತಡವರಿಸಿದೆ. ಆದರೂ ತಾಯಿ ಮಗನ ಮುಂದೆ ತಪ್ಪೊಪ್ಪಿಕೊಳ್ಳುವ ಪದ್ಯಕ್ಕೆ ಬಂದಾಗ ಅರ್ಥ ಹುಡುಕುವ ಕಷ್ಟ ಇರಲಿಲ್ಲ.

ಅವಳು ಓದುವಾಗ ನಾನು ಆಗಾಗ ಸಭೆಯ ಕಡೆ ಕತ್ತು ಹೊರಳಿಸಿದೆ. ಕುರ್ಚಿಗೆ ಒರಗಿ ಕೂತಿದ್ದವರು ಮುಂದಕ್ಕೆ ಬಾಗಿದ್ದರು. ಬಾಗಿಲ ಬಳಿ ಒಬ್ಬಳು ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಕಂಬಕ್ಕೆ ಒರಗಿ ನಿಂತ ಹೂವಪ್ಪ ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಇಷ್ಟು ಜನಕ್ಕೆ ಸಿಗುತ್ತಿದ್ದುದು ನನಗೊಬ್ಬನಿಗೆ ಸಿಗುತ್ತಿರಲಿಲ್ಲ. ಮೂರು ವರ್ಷ ನಾನೊಬ್ಬನೇ ಕೇಳಲೆಂದು ಇವರೆಲ್ಲರಿಂದ ಕಿತ್ತುಕೊಂಡದ್ದು ಇದನ್ನೇ.

ಅರ್ಧ ಗಂಟೆಗೆ ಸರಿಯಾಗಿ ಮೀರಾ ಪುಸ್ತಕ ಮುಚ್ಚಿದಳು. ಸನ್ಮಾನ ನಡೆಯಿತು. ಶಾಲು ಹೊದಿಸಿದವರು ನನ್ನನ್ನು ಹೊಗಳಿದರೋ ಬೈದರೋ, ನಾನು ಎರಡಕ್ಕೂ ಕೈ ಮುಗಿದೆ.

ಜನ ಚದುರಿದ ಮೇಲೆ ಹೂವಪ್ಪ ಕಾಫಿ ತಂದುಕೊಟ್ಟ. ನನ್ನ ಮುಖ ನೋಡಲು ಸಂಕೋಚಪಡುತ್ತಿದ್ದ. ನಾನೇ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಹೂವಪ್ಪ, ನಿಜ ಹೇಳು. ಮೀರಾ ಹೇಗೆ ಓದಿದ್ಲು?"

ಅವನು ನನ್ನನ್ನು ದಿಟ್ಟಿಸಿದ. ಕಾಫಿ ಲೋಟ ಕೆಳಗಿಟ್ಟು, ಎರಡೂ ಕೈ ಬಾಯಿಗೆ ಅಡ್ಡ ಮಾಡಿ, ನನ್ನ ಬಲಗಿವಿಗೆ ಬಾಯಿಟ್ಟು ಕೂಗಿದ, "ನಮ್ಮವ್ವ ನೆಪ್ಪಾದ್ಲು ಮೇಷ್ಟ್ರೇ! ಹನ್ನೊಂದು ವರ್ಷದಾಗೆ ಹಿಂಗೆ ಓದಿರ್ಲಿಲ್ಲ!"

ಮೀರಾ ಆಚೆ ಕಡೆಯಿಂದ ನಗುತ್ತಾ ಬಂದು ಅವನ ಮುಂದೆ ಕೈ ಆಡಿಸಿ ಏನೋ ಹೇಳಿದಳು. ಮೆಲ್ಲಗೆ ಹೇಳಿದಳು, ಚೈತನ್ಯಾ ಹೇಳಿಕೊಟ್ಟಷ್ಟೇ ಮೆಲ್ಲಗೆ. ನನಗೆ ಕೇಳಿಸಲಿಲ್ಲ. ತುಟಿ ನೋಡಿ ತಿಳಿದುಕೊಂಡೆ.

"ಅಷ್ಟು ಕೂಗ್ಬೇಡಿ ಹೂವಪ್ಪನೋರೇ, ಗಂಟಲು ಕೆಡತ್ತೆ."